ಅರವತ್ತು ದಿನದ ಬಾಗಿಲು



ಯಾದಗಿರಿ ತಾಲ್ಲೂಕಿನ ನಮ್ಮ ರಾಮಸಮುದ್ರದಲ್ಲಿ ತೊಗರಿ ರಾಶಿ ಮುಗಿದಿದ್ದ ಒಂದು ಮುಂಜಾನೆ, ನಮ್ಮ ಓಣಿಯ ಹಿರಿಯಾಕೆಯೊಬ್ಬರು ಬಂದು ಮನೆಯ ಕಟ್ಟೆಯ ಮೇಲೆ ಕೂತರು. ಕೈಯಲ್ಲಿ ಬಟ್ಟೆ ಅಂಗಡಿಯ ಹಳೆಯ ಚೀಲ, ಅದರೊಳಗೆ ಮಗನ ಕೇಸಿನ ಕಾಗದ. ಮಗನಿಗೆ ಸೆಷನ್ಸ್ ಕೋರ್ಟಿನಲ್ಲಿ ಸಜಾ ಆಗಿ ಎಂಟು ತಿಂಗಳಾಗಿತ್ತು.

"ಯಪ್ಪಾ, ಅದೇನೋ ಹೇಬಿಯಸ್ ಅಂತಾರಲ್ಲ, ಅದೊಂದು ಹಾಕಿಸಿ ಕೊಡು. ಅದು ಹಾಕಿದ್ರ ಮನಷ್ಯಾನ್ನ ತಂದು ಜಡ್ಜ್ ಸಾಹೇಬ್ರ ಮುಂದ ನಿಂದ್ರಿಸ್ತಾರಂತ" ಅಂದರು.

"ಅಪೀಲ್ ಹಾಕ್ಯಾರೇನಬೇ ಅವ್ವಾ?" ಎಂದು ಕೇಳಿದೆ.

"ಹಾಕೀವಿ ಅಂದಾರ. ರೊಕ್ಕಾನೂ ಕೊಟ್ಟೀನಿ. ನಂಬರ್ ಕೇಳಿದ್ರ ಇವತ್ತು ಬಾ, ನಾಳೆ ಬಾ ಅಂತಾರ."

ಚೀಲದಲ್ಲಿ ದೋಷಾರೋಪ ಪಟ್ಟಿ ಇತ್ತು, ಹಿಂದೊಮ್ಮೆ ಸಿಕ್ಕಿದ್ದ ಜಾಮೀನಿನ ಆದೇಶ ಇತ್ತು, ಬಸ್ಸಿನ ಟಿಕೇಟುಗಳಿದ್ದವು. ತೀರ್ಪಿನ ನಕಲು ಮಾತ್ರ ಇರಲಿಲ್ಲ. ಕಲಬುರಗಿಗೆ ಹೋಗಿ ಹೈಕೋರ್ಟಿನಲ್ಲಿ ವಿಚಾರಿಸಿದೆ. ಆ ಹುಡುಗನ ಹೆಸರಿನಲ್ಲಿ ಯಾವ ಮೇಲ್ಮನವಿಯೂ ದಾಖಲಾಗಿರಲಿಲ್ಲ.

ದುಡ್ಡು ತೆಗೆದುಕೊಂಡವರು ಯಾರು ಎಂಬ ಮಾತು ಇಲ್ಲಿ ಬೇಡ. ವಕೀಲನಾಗಿ ನನಗೆ ಅಂದು ನಾಚಿಕೆಯಾಯಿತು, ಅಷ್ಟು ಹೇಳಿದರೆ ಸಾಕು. ಇವತ್ತು ನಾನು ಮಾತಾಡಬೇಕೆಂದಿರುವುದು ಆ ತಾಯಿ ಕೇಳಿದ ಎರಡು ಸಂಗತಿಗಳ ಬಗ್ಗೆ: ಹೇಬಿಯಸ್ ಮತ್ತು ಅಪೀಲು. ನಮ್ಮ ಕಡೆ ಜನ ಎರಡನ್ನೂ ಒಂದೇ ಎಂದು ತಿಳಿದಿದ್ದಾರೆ. ಆ ತಪ್ಪು ತಿಳಿವಳಿಕೆಯಲ್ಲಿ ದಿನ ಕಳೆಯುತ್ತದೆ, ದಿನ ಕಳೆದರೆ ಬಾಗಿಲು ಮುಚ್ಚುತ್ತದೆ.

ಹೇಬಿಯಸ್ ಕಾರ್ಪಸ್ ಎನ್ನುವುದು ಲ್ಯಾಟಿನ್ ಮಾತು. ಹಿಡಿದಿಟ್ಟ ಮನುಷ್ಯನನ್ನು ನಮ್ಮ ಮುಂದೆ ತಂದು ನಿಲ್ಲಿಸು, ಯಾವ ಅಧಿಕಾರದ ಮೇಲೆ ಹಿಡಿದಿದ್ದೀಯ ಹೇಳು ಎಂದು ಹೈಕೋರ್ಟು ಸಂವಿಧಾನದ 226ನೇ ವಿಧಿಯಡಿ, ಸುಪ್ರೀಂ ಕೋರ್ಟು 32ನೇ ವಿಧಿಯಡಿ ಕೇಳುತ್ತವೆ. ಪೊಲೀಸರು ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರದಿದ್ದಾಗ, ವಿಚಾರಣೆಯೇ ಇಲ್ಲದೆ ಮುಂಜಾಗ್ರತೆಯ ಹೆಸರಿನಲ್ಲಿ ಬಂಧಿಸಿದಾಗ, ಶಿಕ್ಷೆ ಮುಗಿದರೂ ಬಿಡದಿದ್ದಾಗ ಈ ಅರ್ಜಿಯಷ್ಟು ಬಲವಾದ ಅಸ್ತ್ರ ಇನ್ನೊಂದಿಲ್ಲ. ಬಿಹಾರದ ರುದುಲ್ ಸಾಹ ಎಂಬಾತ 1968ರಲ್ಲೇ ನಿರ್ದೋಷಿ ಎಂದು ತೀರ್ಮಾನವಾಗಿದ್ದರೂ 1982ರವರೆಗೆ ಜೈಲಿನಲ್ಲೇ ಕೊಳೆತ. ಅವನ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದದ್ದು ಹೇಬಿಯಸ್ ಅರ್ಜಿಯೇ. ಅದರಲ್ಲೇ 1983ರಲ್ಲಿ ಕೋರ್ಟು ಅವನಿಗೆ ಪರಿಹಾರ ಕೊಡಿಸಿತು. ಅದಕ್ಕೂ ಮುಂಚೆ ದಿಲ್ಲಿಯ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಎಂಬ ಕೈದಿ ಇನ್ನೊಬ್ಬ ಕೈದಿಗಾದ ಚಿತ್ರಹಿಂಸೆಯ ಬಗ್ಗೆ ನ್ಯಾಯಮೂರ್ತಿಯೊಬ್ಬರಿಗೆ ಬರೆದ ಕಾಗದವನ್ನೇ ಕೋರ್ಟು ಹೇಬಿಯಸ್ ಅರ್ಜಿ ಎಂದು ಸ್ವೀಕರಿಸಿತ್ತು. ಇದಕ್ಕೆ ದಿನಗಳ ಗಡುವಿಲ್ಲ. ಹೈಕೋರ್ಟು ವಜಾ ಮಾಡಿದರೂ ಸುಪ್ರೀಂ ಕೋರ್ಟಿಗೆ 32ನೇ ವಿಧಿಯಡಿ ಹೊಸದಾಗಿ ಹೋಗಬಹುದು ಎಂದು 1966ರಲ್ಲೇ ಗುಲಾಂ ಸರ್ವರ್ ಪ್ರಕರಣದಲ್ಲಿ ತೀರ್ಮಾನವಾಗಿದೆ.

ಆದರೆ ಆ ತಾಯಿಯ ಮಗ ಒಳಗಿರುವುದು ಕೋರ್ಟು ಕೊಟ್ಟ ಸಜೆಯ ಮೇಲೆ. ಯಾವ ಅಧಿಕಾರ ಎಂದು ಕೇಳಿದರೆ ಜೈಲಿನವರು ನ್ಯಾಯಾಧೀಶರು ರುಜು ಮಾಡಿದ ವಾರಂಟನ್ನು ತೋರಿಸುತ್ತಾರೆ. ಹೇಬಿಯಸ್ಸಿನ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಂತಾಯಿತು. ಸಾಕ್ಷಿ ಸುಳ್ಳು ಹೇಳಿದ, ಕೋರ್ಟು ತಪ್ಪು ತಿಳಿಯಿತು ಎಂಬುದನ್ನೆಲ್ಲ ಹೇಳಲು ಇರುವ ಜಾಗ ಅಪೀಲು.

ಈ ವ್ಯತ್ಯಾಸಕ್ಕಾಗಿ ನೇಣಿನ ಕಂಬದ ಹತ್ತಿರದವರೆಗೆ ಹೋದವರ ಕಥೆಯೊಂದು ನಮ್ಮ ಹಳೆಯ ಹೈದರಾಬಾದ್ ಸಂಸ್ಥಾನದ್ದೇ. ಆಗ ಯಾದಗಿರಿ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕು, ಜಿಲ್ಲೆ ನಿಜಾಮರದ್ದು. ನಮ್ಮ ಅಜ್ಜಂದಿರ ಮುಕದ್ದಮೆ ಉರ್ದುವಿನಲ್ಲಿ ನಡೆಯುತ್ತಿತ್ತು, ಹೈಕೋರ್ಟು ಹೈದರಾಬಾದಿನ ಮೂಸಿ ನದಿಯ ದಂಡೆಯಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದ ಕೈಗೆ ಬಂತು. ತೆಲಂಗಾಣದ ರೈತ ಹೋರಾಟದಲ್ಲಿ ಸಿಕ್ಕಿಬಿದ್ದವರನ್ನು ವಿಶೇಷ ನ್ಯಾಯಮಂಡಳಿಗಳ ಮುಂದೆ ನಿಲ್ಲಿಸಿದರು. 1949ರ ಆಗಸ್ಟಿನಲ್ಲಿ ಹಲವರಿಗೆ ಮರಣದಂಡನೆ ಆಯಿತು. ಡಿಸೆಂಬರಿನಲ್ಲಿ ಹೈದರಾಬಾದ್ ಹೈಕೋರ್ಟು ಅವರ ಅಪೀಲು ತಳ್ಳಿಹಾಕಿತು. ಅದಾಗಿ ಸುಮಾರು ಆರು ವಾರಕ್ಕೆ, 1950ರ ಜನವರಿ 26ರಂದು, ಸಂವಿಧಾನ ಜಾರಿಗೆ ಬಂತು.

ಆ ಆರು ವಾರವೇ ಅವರಿಗೆ ಗೋಡೆಯಾಯಿತು. ಜನಾರ್ದನ ರೆಡ್ಡಿ ಮತ್ತು ಇತರರ ಹೆಸರಿನಲ್ಲಿ ಅವರು ದಿಲ್ಲಿಗೆ ಹೋದರು. ಅವರ ಪರವಾಗಿ ವಾದಿಸಲು ಇಂಗ್ಲೆಂಡಿನಿಂದ ಡಿ.ಎನ್. ಪ್ರಿಟ್ ಎಂಬ ಹೆಸರಾಂತ ಬ್ಯಾರಿಸ್ಟರು ಬಂದರು. ತೀರ್ಪು ಕೊಟ್ಟ ದಿನ ಹೈದರಾಬಾದಿನ ಹೈಕೋರ್ಟು ಕಾನೂನಿನ ಕಣ್ಣಿನಲ್ಲಿ ಇನ್ನೂ ಭಾರತದ ರಾಜ್ಯಕ್ಷೇತ್ರದೊಳಗಿನ ಕೋರ್ಟಾಗಿರಲಿಲ್ಲ, ಆದ್ದರಿಂದ ಅದರ ಮೇಲಿನ ಅಪೀಲನ್ನು ನಾವು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗಾದರೆ ಹೇಬಿಯಸ್ ಅಡಿಯಲ್ಲಾದರೂ ಕೇಳಿ ಎಂದು 32ನೇ ವಿಧಿಯ ಮೊರೆಹೊಕ್ಕರು. ವಿಚಾರಣೆಯಲ್ಲಿ ತಮಗೆ ವಕೀಲರೇ ಇರಲಿಲ್ಲ ಎಂಬ ದೊಡ್ಡ ದೂರು ಅವರದಾಗಿತ್ತು. 1951ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಬರೆದ ತೀರ್ಪು ಬಂತು. ಅಧಿಕಾರವುಳ್ಳ ಕೋರ್ಟು ಶಿಕ್ಷೆ ಕೊಟ್ಟಿದ್ದರೆ, ವಿಚಾರಣೆಯಲ್ಲಿ ಲೋಪವಾಗಿದೆ ಎಂಬ ಕಾರಣಕ್ಕೆ ಹೇಬಿಯಸ್ಸಿನಲ್ಲಿ ಅದನ್ನು ಮತ್ತೆ ಬಗೆಯಲಾಗದು ಎಂಬುದು ಅದರ ತಿರುಳು. ಒಂದು ಬಾಗಿಲು ತಾರೀಖಿನ ಕಾರಣಕ್ಕೆ ಮುಚ್ಚಿತು, ಇನ್ನೊಂದು ಆ ಕೆಲಸಕ್ಕೆ ಮಾಡಿದ ಬಾಗಿಲೇ ಅಲ್ಲ ಎಂದಾಯಿತು. ಕೊನೆಗೆ ಮರಣದಂಡನೆ ಜೀವಾವಧಿಗೆ ಇಳಿದು ಅವರ ಜೀವ ಉಳಿಯಿತು. ಅದು ಸರ್ಕಾರ ತೋರಿದ ದಯೆಯಿಂದ, ಅಪೀಲಿನಿಂದಲ್ಲ.

ದಯೆ ಬೇರೆ, ಹಕ್ಕು ಬೇರೆ. ಸುರಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1858ರಲ್ಲಿ ಅಲ್ಲಿನ ಅರಸ ರಾಜಾ ವೆಂಕಟಪ್ಪ ನಾಯಕರಿಗೆ ಮೊದಲು ಮರಣದಂಡನೆ ಆಯಿತು, ಆಮೇಲೆ ಅದು ಜೀವಾವಧಿ ಗಡೀಪಾರಿಗೆ ಇಳಿಯಿತು, ಇನ್ನೂ ಆಮೇಲೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಇಳಿಸಿದವರೆಲ್ಲ ಕಂಪನಿಯ ಸಾಹೇಬರು. ಅರಸನಾಗಿದ್ದವನಿಗೂ ನನ್ನ ಮಾತು ಕೇಳಿ ಎಂದು ಹಕ್ಕಿನಿಂದ ಹೋಗಿ ನಿಲ್ಲುವ ಮೇಲಿನ ಕೋರ್ಟು ಇರಲಿಲ್ಲ. ಸೆರೆಮನೆಗೆ ಒಯ್ಯುವ ದಾರಿಯಲ್ಲೇ ಆ ತರುಣ ಗುಂಡೇಟಿಗೆ ಜೀವ ಬಿಟ್ಟ. ತಾನೇ ಹೊಡೆದುಕೊಂಡನೆಂದು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬರೆದ. ನಮ್ಮ ಸೀಮೆಯ ಜನ ಅದನ್ನು ಇಂದಿಗೂ ಪೂರಾ ನಂಬುವುದಿಲ್ಲ. ಇವತ್ತು ರಾಮಸಮುದ್ರದ ಒಬ್ಬ ಕೂಲಿಯ ಮಗನಿಗೆ ಆ ಅರಸನಿಗೆ ಇರದಿದ್ದ ಹಕ್ಕು ಇದೆ. ಅದನ್ನು ದಿನ ತಪ್ಪಿಸಿ ಕಳೆದುಕೊಂಡರೆ ನನಗೆ ತಡೆಯಲಾಗದ ಸಂಕಟ.

ಈಗ ದಿನದ ಲೆಕ್ಕಕ್ಕೆ ಬರೋಣ. ಸೆಷನ್ಸ್ ಕೋರ್ಟಿನ ಶಿಕ್ಷೆಯ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ. ಮ್ಯಾಜಿಸ್ಟ್ರೇಟರ ಶಿಕ್ಷೆಯ ಮೇಲೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ. ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಕೇಳಲು ಸಾಮಾನ್ಯವಾಗಿ 90 ದಿನ. 60 ದಿನ ಎಂದರೆ ಕಡಿಮೆಯೇನಲ್ಲ ಅನ್ನಿಸಬಹುದು. ಜೈಲಿನ ಒಳಗಿನಿಂದ ಲೆಕ್ಕ ಹಾಕಿ ನೋಡಿ. ಸಜಾ ಆದ ಮೊದಲ ವಾರ ಮನುಷ್ಯನಿಗೆ ಊಟ ಸೇರುವುದಿಲ್ಲ, ಮಾತು ತಲೆಗೆ ಹೋಗುವುದಿಲ್ಲ. ಮನೆಯವರು ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗಿರುತ್ತಾರೆ, ಸುದ್ದಿ ಮುಟ್ಟಿ ಅವರು ಬರುವುದಕ್ಕೆ ಇನ್ನೊಂದು ವಾರ. ಮುಲಾಖಾತಿಗೆ ಹೋದಾಗ ಆಧಾರ್ ಕಾರ್ಡು ಮರೆತಿರುತ್ತಾರೆ. ಸಾಲ ತರಬೇಕು, ವಕೀಲರನ್ನು ಹುಡುಕಬೇಕು, ವಕಾಲತ್ತಿಗೆ ಒಳಗಿದ್ದವನ ರುಜು ಮಾಡಿಸಬೇಕು. ಅಷ್ಟರಲ್ಲಿ ತಿಂಗಳು ದಾಟಿರುತ್ತದೆ. ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಅಪೀಲಿಗೆ ಇಷ್ಟು ದಿನ ಇದೆ ಎಂದು ನ್ಯಾಯಾಧೀಶರೇ ಬಾಯಿಬಿಟ್ಟು ಹೇಳಬೇಕು ಎಂಬ ಕಟ್ಟಳೆ ಕಾನೂನಿನಲ್ಲಿರುವುದು ಮರಣದಂಡನೆಯ ಸಂದರ್ಭಕ್ಕೆ ಮಾತ್ರ. ಹತ್ತು ವರ್ಷದ ಶಿಕ್ಷೆ ಬಿದ್ದವನಿಗೂ ಅದೇ ಮಾತನ್ನು ಕನ್ನಡದಲ್ಲಿ, ಎರಡೇ ವಾಕ್ಯದಲ್ಲಿ ಹೇಳಬೇಕೆಂದು ಕಾನೂನಿನಲ್ಲಿ ಯಾಕೆ ಬರೆಯಬಾರದು?

ಮೇಲ್ಮನವಿಯ ಮೊದಲ ಕಾಗದ ತೀರ್ಪಿನ ನಕಲು. ಜೈಲು ಶಿಕ್ಷೆ ವಿಧಿಸಿದ ಕೂಡಲೇ ಆರೋಪಿಯ ಕೈಗೆ ಅದರ ಒಂದು ಪ್ರತಿಯನ್ನು ಪುಕ್ಕಟೆ ಕೊಡಬೇಕು. ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 363ನೇ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ತೀರ್ಪು ಇಂಗ್ಲಿಷಿನಲ್ಲಿದ್ದರೆ ಅದನ್ನು ತನ್ನ ಭಾಷೆಗೆ ಅನುವಾದಿಸಿ ಕೊಡಿ ಎಂದು ಅವನು ಕೇಳಬಹುದು, ಸಾಧ್ಯವಿದ್ದಲ್ಲಿ ಕೊಡಬೇಕು. ಕೇಳುವವರೇ ಕಡಿಮೆ.

ಈ ನಕಲಿನ ಬಗ್ಗೆ ದೇಶಕ್ಕೇ ದಾರಿ ಹಾಕಿಕೊಟ್ಟ ತೀರ್ಪಿನ ಬುಡದಲ್ಲಿ ನಮ್ಮ ಧಾರವಾಡದ ಹೆಸರಿದೆ. ಸೌರಾಷ್ಟ್ರ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಎಂ.ಎಚ್. ಹೊಸಕೋಟ್ ಎಂಬುವವರು ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನ ಮೊಹರನ್ನು ಮುಂಬೈಯಲ್ಲಿ ಮಾಡಿಸಲು ಹೋಗಿ ಸಿಕ್ಕಿಬಿದ್ದರು, ನಕಲಿ ಪದವಿ ಪತ್ರದ ಯತ್ನದ ಕೇಸು. ಸೆಷನ್ಸ್ ಕೋರ್ಟು ಅಂದಿನ ಕಲಾಪ ಮುಗಿಯುವವರೆಗೆ ಕೂತಿರು ಎಂಬಷ್ಟು ಹಗುರ ಶಿಕ್ಷೆ ಕೊಟ್ಟಿತು. ಹೈಕೋರ್ಟು 1973ರ ನವೆಂಬರಿನಲ್ಲಿ ಅದನ್ನು ಮೂರು ವರ್ಷಕ್ಕೆ ಏರಿಸಿತು. ಅವರು ಸುಪ್ರೀಂ ಕೋರ್ಟಿಗೆ ಬಂದದ್ದು 1978ರಲ್ಲಿ, ನಾಲ್ಕು ವರ್ಷಕ್ಕೂ ಮಿಕ್ಕಿ ತಡ. ಅಷ್ಟರಲ್ಲಿ ಶಿಕ್ಷೆಯನ್ನು ಪೂರಾ ಅನುಭವಿಸಿ ಆಗಿತ್ತು. ಯಾಕೆ ತಡ ಎಂದರೆ, ತೀರ್ಪಿನ ನಕಲೇ ಕೈಗೆ ಬರಲಿಲ್ಲ ಎಂದರು. ನಕಲನ್ನು ಜೈಲಿನ ಅಧಿಕಾರಿಗೆ ಕಳಿಸಿದ್ದೆವು ಎಂಬ ಉತ್ತರ ಬಂತು. ಕೈದಿಗೆ ಮುಟ್ಟಿತು ಎನ್ನಲು ಒಂದು ಸಹಿಯೂ ಇರಲಿಲ್ಲ.

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಅರ್ಜಿಯನ್ನು ವಜಾ ಮಾಡಿದರು. ತಪ್ಪು ಸಾಬೀತಾಗಿದೆ, ಅದರಲ್ಲಿ ಕೈಹಾಕಲು ಏನೂ ಇಲ್ಲ ಎಂದರು. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಜೈಲಿಗೆ ಹೋಗುವ ಪ್ರತಿಯೊಬ್ಬನಿಗೂ ತೀರ್ಪಿನ ಪ್ರತಿ ಪುಕ್ಕಟೆ ಸಿಗಬೇಕು, ಅದು ಜೈಲಿಗೆ ಬಂದರೆ ಅಧಿಕಾರಿ ಬೇಗನೆ ತಲುಪಿಸಿ ಕೈದಿಯಿಂದ ಲಿಖಿತ ಸ್ವೀಕೃತಿ ಪಡೆಯಬೇಕು, ಅಪೀಲು ಹಾಕಲು ಬೇಕಾದ ಅನುಕೂಲ ಮಾಡಿಕೊಡಬೇಕು, ವಕೀಲರನ್ನಿಡಲು ಶಕ್ತಿಯಿಲ್ಲದವನಿಗೆ ಸರ್ಕಾರವೇ ಇಡಬೇಕು ಎಂದು ಬರೆದರು. ಗೆಲ್ಲದ ಮನುಷ್ಯನೊಬ್ಬ ಮುಂದಿನ ಸಾವಿರಾರು ಕೈದಿಗಳಿಗೆ ದಾರಿ ಮಾಡಿಕೊಟ್ಟ. 1978ರ ಆಗಸ್ಟಿನ ಈ ತೀರ್ಪನ್ನು ನಾನು ವರ್ಷಕ್ಕೊಮ್ಮೆಯಾದರೂ ತೆಗೆದು ಓದುತ್ತೇನೆ.

ಇನ್ನು ನಾನು ಹೇಳುವುದನ್ನು, ಮನೆಯಲ್ಲಿ ಯಾರಾದರೂ ಒಳಗಿದ್ದರೆ, ದಯಮಾಡಿ ಗಮನವಿಟ್ಟು ಕೇಳಿ. ಅಪೀಲು ಹಾಕಲು ಮೊದಲ ದಿನವೇ ವಕೀಲ ಬೇಕೆಂದಿಲ್ಲ, ರೊಕ್ಕ ಬೇಕೆಂದಿಲ್ಲ. ಜೈಲಿನಲ್ಲಿರುವವನು ತನ್ನ ಮನವಿಯನ್ನು, ತೀರ್ಪಿನ ನಕಲಿನ ಜೊತೆ, ಜೈಲಿನ ಮುಖ್ಯ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು. ಆ ಅಧಿಕಾರಿ ಅದನ್ನು ಮೇಲಿನ ಕೋರ್ಟಿಗೆ ಕಳಿಸಲೇಬೇಕು. ಹಳೆಯ ಸಂಹಿತೆಯ 383ನೇ ಕಲಂ ಇದು, ಹೊಸದರಲ್ಲಿ 424. ಜೈಲ್ ಅಪೀಲ್ ಎನ್ನುತ್ತಾರೆ. ಅದನ್ನು ಅಪೀಲಿನ ಅವಧಿ ಮುಗಿಯುವ ಮೊದಲೇ ಏಕಾಏಕಿ ತಳ್ಳಿಹಾಕುವಂತಿಲ್ಲ. ತೀರ ಹುರುಳಿಲ್ಲದ್ದು ಎಂಬಂಥ ಕಾರಣವಿಲ್ಲದಿದ್ದರೆ ಅವನ ಮಾತು ಕೇಳದೆ ತಳ್ಳುವಂತಿಲ್ಲ. ಹಾಗೆ ತಳ್ಳಿದ ಮೇಲೆ, ಅದೇ ಮನುಷ್ಯನ ಪರವಾಗಿ ಕ್ರಮಬದ್ಧವಾಗಿ ಕೊಟ್ಟ ಇನ್ನೊಂದು ಅಪೀಲು ಗಮನಕ್ಕೆ ಬಾರದೆ ಉಳಿದಿತ್ತು ಎಂದು ಕಂಡರೆ, ನ್ಯಾಯದ ದೃಷ್ಟಿಯಿಂದ ಅದನ್ನು ಕೇಳಲೂ ದಾರಿಯಿದೆ. ಕೈದಿ ಒಂಟಿ ಎಂದು ತಿಳಿದವರೇ ಆ ಕಲಮುಗಳನ್ನು ಬರೆದಿದ್ದಾರೆ. ವಕೀಲರು ಬರಲಿಲ್ಲ ಎಂಬ ಕಾರಣಕ್ಕೆ ಅಪೀಲನ್ನು ವಜಾ ಮಾಡಬಾರದು, ಗುಣಾವಗುಣ ನೋಡಿಯೇ ತೀರ್ಮಾನಿಸಬೇಕು, ಒಳಗಿದ್ದವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸಬಹುದು ಎಂದು ಸುಪ್ರೀಂ ಕೋರ್ಟು 1996ರ ಬಾನಿ ಸಿಂಗ್ ತೀರ್ಪಿನಲ್ಲಿ ಹೇಳಿದೆ.

ದಿನ ದಾಟಿದ್ದರೆ? ಪರಿಮಿತಿ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಿಸಿ ಎಂದು ಕೇಳಬೇಕು. ಸಾಕಷ್ಟು ಕಾರಣ ತೋರಿಸಬೇಕು. ನಕಲು ಪಡೆಯಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ಇಲ್ಲಿ ನಮ್ಮ ಕಾನೂನಿಗೆ ಒಂದು ಹೃದಯ ಇದೆ ಎಂದು ನಾನು ನಂಬಿದ್ದೇನೆ. ಯಾಕೆಂದರೆ ಹೊರದೇಶದ ಬಗ್ಗೆ ಬೇರೆಯದನ್ನೂ ಓದಿದ್ದೇನೆ.

ಅಮೆರಿಕದಲ್ಲಿ ರಾಜ್ಯದ ಕೋರ್ಟು ಶಿಕ್ಷೆ ಕೊಟ್ಟ ಕೈದಿ ಕೇಂದ್ರದ ಕೋರ್ಟಿಗೆ ಹೇಬಿಯಸ್ ಅರ್ಜಿ ಹಾಕಬಹುದು. ಅಲ್ಲಿ ಹೇಬಿಯಸ್ಸಿನ ಹರವು ನಮಗಿಂತ ದೊಡ್ಡದು, ಶಿಕ್ಷೆಯಾದ ಮೇಲೂ ನಡೆಯುತ್ತದೆ. ಆದರೆ 1996ರ ಕಾಯ್ದೆ ಅದಕ್ಕೆ ಒಂದು ವರ್ಷದ ಗಡುವು ಹಾಕಿತು. ಅರ್ಜಿ ವಜಾ ಆದರೆ, ಅದರ ಮೇಲೆ ಅಪೀಲು ಹೋಗಲು ಇದು ಅಪೀಲಿಗೆ ಯೋಗ್ಯ ಎಂಬ ಪ್ರಮಾಣಪತ್ರವನ್ನು ಮೊದಲು ನ್ಯಾಯಾಧೀಶರಿಂದ ಪಡೆಯಬೇಕು. ಓಹಿಯೊ ರಾಜ್ಯದ ಕೀತ್ ಬೌಲ್ಸ್ ಎಂಬ ಕೈದಿಯ ಹೇಬಿಯಸ್ ಅರ್ಜಿ ವಜಾ ಆಯಿತು. ಅಪೀಲಿನ ದಿನ ದಾಟಿತ್ತು. ನ್ಯಾಯಾಧೀಶರು ಗಡುವನ್ನು ಮತ್ತೆ ತೆರೆದು 17 ದಿನ ಕೊಟ್ಟರು. ಕಾನೂನಿನಲ್ಲಿ ಇದ್ದದ್ದು 14 ದಿನ. ಅವನ ಅಪೀಲು ನ್ಯಾಯಾಧೀಶರು ಹೇಳಿದ ತಾರೀಖಿನೊಳಗೇ ಬಂತು, 14 ದಿನ ಮಾತ್ರ ದಾಟಿತ್ತು. ಆ ದೇಶದ ಸುಪ್ರೀಂ ಕೋರ್ಟು 2007ರಲ್ಲಿ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಅವನ ಅಪೀಲನ್ನು ಕೇಳಲು ಅಧಿಕಾರವೇ ಇಲ್ಲ ಎಂದಿತು. ನ್ಯಾಯಾಧೀಶರ ಮಾತನ್ನು ನಂಬಿದ್ದು ಅವನಿಗೆ ನೆರವಾಗಲಿಲ್ಲ. ಅದೇ ಕೋರ್ಟು 1988ರಲ್ಲಿ ಒಳ್ಳೆಯದೊಂದನ್ನೂ ಮಾಡಿತ್ತು: ಕೈದಿ ಅಪೀಲಿನ ಕಾಗದವನ್ನು ಜೈಲಿನವರ ಕೈಗೆ ಕೊಟ್ಟ ದಿನವೇ ಅದು ದಾಖಲಾದ ದಿನ, ಟಪಾಲು ತಡವಾದರೆ ಅವನ ತಪ್ಪಲ್ಲ ಎಂದಿತು. ಅದಕ್ಕೇ ನಾನು ಮುಲಾಖಾತಿಗೆ ಹೋಗುವ ಪ್ರತಿಯೊಬ್ಬ ತಾಯಿಗೂ ಹೇಳುತ್ತೇನೆ. ಮಗ ಮನವಿ ಕೊಟ್ಟ ತಾರೀಖನ್ನು ಕೇಳಿ, ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಮೊಹರು ಬಿದ್ದ ಪ್ರತಿ ಪಡೆಯಿರಿ.

ದೂರದ ಮಾತೂ ಸ್ವಲ್ಪ ಆಡಬೇಕು. 1956ರ ನವೆಂಬರ್ 1ರವರೆಗೆ ನಮ್ಮ ಹೈಕೋರ್ಟು ಹೈದರಾಬಾದಿನಲ್ಲಿತ್ತು. ಆಮೇಲೆ ಅರ್ಧ ಶತಮಾನ ಬೆಂಗಳೂರಿನಲ್ಲಿತ್ತು. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ, ಬುತ್ತಿ ಕಟ್ಟಿಕೊಂಡು, ವಿಧಾನಸೌಧದ ಎದುರಿನ ಕೆಂಪು ಕಟ್ಟಡಕ್ಕೆ ಹೋಗಿ, ಪೇಶಿ ಮುಂದೆ ಹೋಯಿತು ಎಂದು ಕೇಳಿ ರಾತ್ರಿಯ ಗಾಡಿಗೆ ಮರಳಿದವರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಹೋರಾಟ ಮಾಡಿ ಪಡೆದದ್ದು ಕಲಬುರಗಿ ಪೀಠ. 2008ರ ಜುಲೈನಲ್ಲಿ ಸಂಚಾರಿ ಪೀಠ ಬಂತು, 2013ರ ಆಗಸ್ಟಿನಲ್ಲಿ ಕಾಯಂ ಆಯಿತು. ಈಗ ಮುಂಜಾನೆ ಹೋಗಿ ಸಂಜೆಗೆ ಮನೆ ಸೇರಬಹುದು. ದಾರಿ ಹತ್ತಿರವಾಯಿತು. ದಿನದ ಲೆಕ್ಕವನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಬಾಕಿ ಇದೆ.

ಬಂಧನದಲ್ಲಿ ಇರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಹಕ್ಕಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ. ಯಾದಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಸಿಗುತ್ತದೆ. ಫೋನಿನಲ್ಲಿ ಕೇಳುವುದಾದರೆ 15100. ಶಿಕ್ಷೆ ಬಿದ್ದವರಿಗೆ ಅಪೀಲಿನ ಹಕ್ಕು ಮತ್ತು ಉಚಿತ ನೆರವು ಗೊತ್ತಾಗಬೇಕು, ಜೈಲಿನೊಳಗಿನ ಕಾನೂನು ನೆರವು ಕೇಂದ್ರಗಳು ಬರಿ ಹೆಸರಿಗೆ ಇರಬಾರದು ಎಂದು 2024ರ ಅಕ್ಟೋಬರಿನಲ್ಲಿ ಸುಹಾಸ್ ಚಕ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮತ್ತೆ ಒತ್ತಿ ಹೇಳಿದೆ. ಅಪೀಲು ದಾಖಲಾದ ಮೇಲೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಎಂದು ಕೇಳಬಹುದು. ಅಪೀಲನ್ನು ಐದಾರು ವರ್ಷ ಕೇಳದೆ ಮನುಷ್ಯನನ್ನು ಒಳಗಿಟ್ಟು, ಆಮೇಲೆ ನೀನು ನಿರ್ದೋಷಿ ಎಂದರೆ ಆ ವರ್ಷಗಳನ್ನು ಯಾರು ಮರಳಿ ಕೊಡುತ್ತಾರೆ ಎಂಬ ಚಿಂತೆಯೇ 1977ರ ಕಾಶ್ಮೀರಾ ಸಿಂಗ್ ತೀರ್ಪಿನ ಜೀವಾಳ. ಅಪೀಲೇ ಇಲ್ಲದವನಿಗೆ ಆ ದಾರಿಯೂ ಇಲ್ಲ.

ಆ ತಾಯಿಯ ಮಗನನ್ನು ನಾನು ಜೈಲಿನಲ್ಲಿ ಕಂಡೆ. ತೀರ್ಪಿನ ಪ್ರತಿ ಅವನ ಬಳಿಯೇ ಇತ್ತು. ಇಂಗ್ಲಿಷಿನಲ್ಲಿದ್ದುದರಿಂದ, ಅದು ಏನೆಂದು ತಿಳಿಯದೆ ಟ್ರಂಕಿನ ತಳದಲ್ಲಿ ಬಟ್ಟೆಯ ಕೆಳಗೆ ಮಡಚಿಟ್ಟಿದ್ದ. ನೆರವು ಕೇಂದ್ರದ ಸ್ವಯಂಸೇವಕರು ಎರಡು ಹಾಳೆಯಲ್ಲಿ ಮನವಿ ಬರೆದರು. ಅವನು ಕನ್ನಡದಲ್ಲಿ ರುಜು ಮಾಡಿದ. ಆರು ತಿಂಗಳಿಗೂ ಮಿಕ್ಕಿದ ವಿಳಂಬಕ್ಕೆ ಕಾರಣವನ್ನು, ಇದ್ದದ್ದು ಇದ್ದ ಹಾಗೆ, ತಾಯಿಯ ಪ್ರಮಾಣಪತ್ರದೊಂದಿಗೆ ಸಲ್ಲಿಸಿದೆವು. ಪೀಠ ವಿಳಂಬವನ್ನು ಮನ್ನಿಸಿತು. ಮೇಲ್ಮನವಿಗೆ ನಂಬರು ಬಂತು.

ನಂಬರು ಹೇಳಲು ನಾನೇ ಅವರ ಮನೆಗೆ ಹೋದೆ. ಹೇಬಿಯಸ್ ಅಲ್ಲ ಅವ್ವಾ, ಇದು ಅಪೀಲು ಎಂದೆ. ಯಾವುದಾದರೂ ಆಗಲಿ ಎಂಬಂತೆ ತಲೆಯಾಡಿಸಿ, ಮೊಮ್ಮಗಳನ್ನು ಕರೆದು, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಆ ನಂಬರನ್ನು ಬರೆಸಿದರು. ಹುಡುಗಿ ಬರೆದು ಮುಗಿಸುವವರೆಗೆ ಪಕ್ಕದಲ್ಲೇ ನಿಂತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಪೇಶಿ ಯಾವತ್ತೈತಿ, ಯಪ್ಪಾ?"